ಕುಂಚ ಬದಿಗಿಟ್ಟು ಚೂರಿ ಹಿಡಿದ ಕೂರ್ಬೆ: ಸಾಲದ ಮೊದಲ ಕಂತಿನ ಮುನ್ನಾದಿನವೇ ಸಾವು

ಚಿತ್ರಕಾರ ಗುಸ್ತಾವ್ ಕೂರ್ಬೆ ಫ್ರಾನ್ಸ್ ಸರ್ಕಾರಕ್ಕೆ ಕಟ್ಟಬೇಕಿದ್ದ ದಂಡ 3,23,091 ಫ್ರಾಂಕ್. ವರ್ಷಕ್ಕೆ 10,000ದಂತೆ ಸುಮಾರು 33 ವರ್ಷ ಕಟ್ಟಬೇಕಿತ್ತು. ಮೊದಲ ಕಂತಿನ ಹಿಂದಿನ ದಿನ, 1877ರ ಡಿಸೆಂಬರ್ 31ರಂದು, ಸ್ವಿಟ್ಜರ್ಲೆಂಡ್‌ನಲ್ಲಿ ಆತ ತೀರಿಕೊಂಡ. ವಯಸ್ಸು 58.

ಹುಟ್ಟಿದ್ದು 1819ರಲ್ಲಿ, ಒರ್ನಾನ್ ಎಂಬ ಊರಿನ ಅನುಕೂಲಸ್ಥ ರೈತರ ಮನೆಯಲ್ಲಿ. ಸುತ್ತ ಸುಣ್ಣಕಲ್ಲಿನ ಬಂಡೆಗಳು, ನಡುವೆ ಲೂ ನದಿ. ಮಗ ವಕೀಲನಾಗಲಿ ಎಂಬ ಆಸೆ ಮನೆಯವರಿಗೆ. ಪ್ಯಾರಿಸ್‌ಗೆ ಹೋದ ಮಗ ಲೂವ್ರ್ ಮ್ಯೂಸಿಯಂನಲ್ಲಿ ಹಳೆಯ ಚಿತ್ರಗಳನ್ನು ನಕಲು ಮಾಡುತ್ತಾ ಕುಳಿತ. ದೇವತೆಗಳನ್ನು ಕಂಡಿಲ್ಲ, ಆದ್ದರಿಂದ ಬರೆಯುವುದಿಲ್ಲ ಎಂಬುದು ಅವನ ವಾದ. ತನ್ನೂರಿನ ಒಂದು ಶವಸಂಸ್ಕಾರವನ್ನು ಆರು ಮೀಟರಿಗೂ ಅಗಲದ ಕ್ಯಾನ್ವಾಸಿನಲ್ಲಿ ಬರೆದಾಗ ಪ್ಯಾರಿಸ್ ಸಿಟ್ಟಾಯಿತು. ಆ ಗಾತ್ರ ಇದ್ದದ್ದು ರಾಜರಿಗೆ, ಪುರಾಣಪುರುಷರಿಗೆ.

ಅವನ ನಿಜವಾದ ಧೈರ್ಯ ಕಾಣುವುದು ಬಂಡೆ, ಹಿಮ, ಅಲೆಗಳ ಚಿತ್ರಗಳಲ್ಲಿ. ಪ್ಯಾಲೆಟ್ ನೈಫ್ ಆಗ ಮುಖ್ಯವಾಗಿ ಬಣ್ಣ ಕಲಸುವ, ಹಲಗೆ ಕೆರೆಯುವ ಸಾಧನ. ಕೂರ್ಬೆ ಅದನ್ನು ಗಾರೆಯವನ ಕರಣೆಯಂತೆ ಹಿಡಿದ. ಮೊದಲು ಕ್ಯಾನ್ವಾಸಿಗೆ ಕಡುಗಂದು ತಳಬಣ್ಣ. ಅದು ಒಣಗಿದ ಮೇಲೆ ಚೂರಿಯ ಅಡಿಗೆ ಗಟ್ಟಿ ಎಣ್ಣೆಬಣ್ಣ ಮೆತ್ತಿಕೊಂಡು ಚಪ್ಪಟೆಯಾಗಿ ಎಳೆಯುವುದು. ಬಣ್ಣ ಉಬ್ಬಿನ ಮೇಲೆ ಕೂರುತ್ತದೆ, ತಗ್ಗಿನಲ್ಲಿ ತಳದ ಕಪ್ಪು ಹಾಗೇ ಇಣುಕುತ್ತದೆ. ಬಂಡೆಯ ಒರಟು ಬಂದದ್ದು ಹೀಗೆ. ಕುಂಚದಿಂದ ಒಂದೊಂದೇ ಬಿರುಕು ಬರೆದಿದ್ದರೆ ಕಲ್ಲು ಸತ್ತೇ ಹೋಗುತ್ತಿತ್ತು. 1869ರಲ್ಲಿ ಎತ್ರೆತಾ ಕಡಲತೀರದಲ್ಲಿ ಬರೆದ ಅಲೆಗಳ ನೊರೆಯೂ ಚೂರಿಯದೇ. ಯುವಕ ಸೆಜಾನ್ ಇದನ್ನು ಕಂಡು, 1866ರ ಹೊತ್ತಿಗೆ ತನ್ನ ಸೋದರಮಾವನ ಭಾವಚಿತ್ರಗಳನ್ನೇ ಚೂರಿಯಿಂದ ಬಳಿದಿದ್ದ. (ಈಗಿನವರು ಅಕ್ರಿಲಿಕ್‌ನಲ್ಲೂ ಚೂರಿ ಆಡಿಸುತ್ತಾರೆ. ಆದರೆ ಅದು ಬೇಗ ಒಣಗುತ್ತದೆ. ಎಣ್ಣೆಬಣ್ಣದಂತೆ ಮರುದಿನ ತಿದ್ದಲು ಬಿಡುವುದಿಲ್ಲ.)

ಆಮೇಲೆ ರಾಜಕೀಯ. ವಾಂದೋಮ್ ಚೌಕದ ನೆಪೋಲಿಯನ್ ಸ್ತಂಭವನ್ನು ಬಿಚ್ಚಿ ಬೇರೆಡೆ ಇಡಿ ಎಂದು 1870ರಲ್ಲಿ ಕೂರ್ಬೆ ಸೂಚಿಸಿದ್ದ. ಮರುವರ್ಷ ಪ್ಯಾರಿಸ್ ಕಮ್ಯೂನ್ ಅದನ್ನು ಉರುಳಿಸಿತು. ಆ ಆದೇಶ ಹೊರಟಾಗ ಕೂರ್ಬೆ ಕಮ್ಯೂನ್‌ಗೆ ಆಯ್ಕೆಯೇ ಆಗಿರಲಿಲ್ಲ. ಆದರೂ ತಪ್ಪು ಅವನ ತಲೆಗೇ ಬಂತು: ಆರು ತಿಂಗಳ ಜೈಲು, 500 ಫ್ರಾಂಕ್ ದಂಡ. ಅಷ್ಟಕ್ಕೇ ಮುಗಿಯಲಿಲ್ಲ, ಸ್ತಂಭವನ್ನು ಮತ್ತೆ ನಿಲ್ಲಿಸುವ ಖರ್ಚನ್ನೂ ಅವನೇ ಕೊಡಬೇಕೆಂದು ತೀರ್ಮಾನವಾಯಿತು. 1873ರ ಜುಲೈನಲ್ಲಿ ಗಡಿ ದಾಟಿ ಸ್ವಿಟ್ಜರ್ಲೆಂಡ್ ಸೇರಿದ. ಹಿಂದೆ ಬಿಟ್ಟ ಆಸ್ತಿ ಜಪ್ತಿಯಾಯಿತು, ಚಿತ್ರಗಳು ಹರಾಜಾದವು.

ದೇಶ ಬಿಟ್ಟ ಮೇಲೆ ಹಣದ ಒತ್ತಡ, ವಿಪರೀತ ಕುಡಿತ, ಕೆಡುತ್ತಿದ್ದ ಆರೋಗ್ಯ. ಚೂರಿಯಿಂದ ಕೆಲಸ ಬೇಗ ಸಾಗುತ್ತದೆ. ಸಹಾಯಕರು ಅದೇ ವಿಧಾನದಲ್ಲಿ ಬಂಡೆ, ಸರೋವರ ಬಳಿದು ಕೊಡುತ್ತಿದ್ದರು, ಅವು ಕೂರ್ಬೆ ಹೆಸರಲ್ಲಿ ಮಾರಾಟವಾಗುತ್ತಿದ್ದವು. ಅವನಿಗೇ ವಿಶಿಷ್ಟವೆನಿಸಿದ್ದ ಆ ಒರಟು ಮೈ ನಕಲಿಗೆ ಬಲು ಸುಲಭವಾಗಿಬಿಟ್ಟಿತು. ಕೊನೆಯ ವರ್ಷಗಳ ನಿಸರ್ಗಚಿತ್ರಗಳಲ್ಲಿ ಯಾವುದು ಅವನದು, ಯಾವುದು ಪಕ್ಕದವನದು ಎಂದು ತಜ್ಞರು ಇಂದಿಗೂ ತಕರಾರು ಮಾಡುತ್ತಾರೆ. ಅವನ ಅಸ್ಥಿ 1919ರಲ್ಲಿ ಒರ್ನಾನ್‌ಗೆ ಮರಳಿತು.