ಚಿತ್ರಪಾಠ ಕೊಟ್ಟ ಊರಿಲ್ಲದ ಮೇಷ್ಟ್ರು

ಮಕ್ಕಳೇ, ನಿಮ್ಮ ವಿಜ್ಞಾನ ಪುಸ್ತಕದಲ್ಲಿ ಹೂವಿನ ಚಿತ್ರವನ್ನು ನೋಡಿದ್ದೀರಲ್ಲವೇ? ಅದರ ಪ್ರತಿಯೊಂದು ಭಾಗಕ್ಕೂ ಹೆಸರು ಬರೆದಿರುತ್ತದೆ. ಆ ಚಿತ್ರವೇ ಇಲ್ಲದಿದ್ದರೆ ಪುಂಕೇಸರ ಯಾವುದು, ಶಲಾಕೆ ಯಾವುದು ಎಂದು ತಿಳಿಯುವುದು ಎಷ್ಟು ಕಷ್ಟ! ಸುಮಾರು ನಾನೂರು ವರ್ಷಗಳ ಹಿಂದೆ ಯುರೋಪಿನ ಮಕ್ಕಳ ಪಾಡು ಹೀಗೆಯೇ ಇತ್ತು. ಅರ್ಥವಾಗದ ಲ್ಯಾಟಿನ್ ಪದಗಳನ್ನು ಉರು ಹೊಡೆಯಬೇಕಿತ್ತು. ತಪ್ಪಿದರೆ ಏಟು! ಅಂತಹ ಮಕ್ಕಳಿಗಾಗಿ ಚಿತ್ರಗಳ ಪಾಠಪುಸ್ತಕ ಬರೆದವರು ಜಾನ್ ಅಮೋಸ್ ಕೊಮೇನಿಯಸ್.

ಇವರು ಹುಟ್ಟಿದ್ದು 1592ರ ಮಾರ್ಚ್ 28ರಂದು, ಇಂದಿನ ಚೆಕ್ ದೇಶದ ಮೊರೇವಿಯಾ ಪ್ರಾಂತ್ಯದಲ್ಲಿ. ನಿಮ್ಮ ವಯಸ್ಸಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡರು. ಆದರೂ ಛಲದಿಂದ ಓದಿ ಫುಲ್ನೆಕ್ ಪಟ್ಟಣದಲ್ಲಿ ಪಾದ್ರಿಯೂ ಶಿಕ್ಷಕರೂ ಆದರು.

1618ರಲ್ಲಿ ಅಲ್ಲಿ ಯುದ್ಧ ಶುರುವಾಯಿತು. ಅದು ನಿಂತದ್ದು 30 ವರ್ಷಗಳ ನಂತರ! ಸೈನಿಕರು ಫುಲ್ನೆಕ್ ಪಟ್ಟಣವನ್ನು ಸೂರೆ ಮಾಡಿದರು. ಕೊಮೇನಿಯಸ್ ತಲೆಮರೆಸಿಕೊಂಡು ತಿರುಗಬೇಕಾಯಿತು. 1622ರಲ್ಲಿ ಹೆಂಡತಿ ಮತ್ತು ಇಬ್ಬರು ಪುಟ್ಟ ಮಕ್ಕಳು ಪ್ಲೇಗಿಗೆ ಬಲಿಯಾದರು. ಮರುವರ್ಷ ಅವರ ಪುಸ್ತಕಗಳನ್ನು ಪಟ್ಟಣದ ಚೌಕದಲ್ಲೇ ಸುಟ್ಟುಹಾಕಲಾಯಿತು. ರಾಜನ ಮತಪಂಥವನ್ನು ಒಪ್ಪದವರಿಗೆ ಅಲ್ಲಿ ಜಾಗವಿರಲಿಲ್ಲ. ಆ ವೇಳೆಗೆ ಅವರು ಮತ್ತೆ ಮದುವೆಯಾಗಿದ್ದರು. 1628ರ ಚಳಿಗಾಲದಲ್ಲಿ ಗಡಿಯ ಬೆಟ್ಟಗಳನ್ನು ದಾಟಿ ಈ ಕುಟುಂಬ ಪೋಲೆಂಡಿನ ಲೆಶ್ನೋ ಪಟ್ಟಣ ಸೇರಿತು.

ಊರು ಹೋದರೂ ಪಾಠ ನಿಲ್ಲಲಿಲ್ಲ. ಮಕ್ಕಳು ವಸ್ತುವನ್ನು ಮೊದಲು ಕಣ್ಣಾರೆ ನೋಡಬೇಕು, ಮುಟ್ಟಬೇಕು, ಆಮೇಲೆ ಅದರ ಹೆಸರು ಕಲಿಯಬೇಕು ಎಂಬುದು ಅವರ ವಿಚಾರ. ಹುಡುಗಿಯರೂ ಬಡವರೂ ಶಾಲೆಗೆ ಬರಬೇಕೆಂದು ಅವರು ಅಂದೇ ವಾದಿಸಿದರು. 1650ರಲ್ಲಿ ಹಂಗೆರಿಯ ಶಾಲೆಯೊಂದಕ್ಕೆ ಹೋದಾಗ ಚಿತ್ರಪುಸ್ತಕವನ್ನು ಬರೆದರು. ಚಿತ್ರಗಳನ್ನು ಮರದ ಅಚ್ಚಿನಲ್ಲಿ ಕೆತ್ತಬೇಕಿತ್ತು. ಹಾಗಾಗಿ ಹಸ್ತಪ್ರತಿಯನ್ನು ಜರ್ಮನಿಯ ನ್ಯೂರೆಂಬರ್ಗ್ ನಗರಕ್ಕೆ ಕಳುಹಿಸಿದರು.

ಇದರಿಂದ ಎಂತಹ ಒಳ್ಳೆಯದಾಯಿತು ನೋಡಿ! 1656ರಲ್ಲಿ ಇನ್ನೊಂದು ಯುದ್ಧದಲ್ಲಿ ಲೆಶ್ನೋ ಸುಟ್ಟುಹೋಯಿತು. ಕೊಮೇನಿಯಸ್ ಕುಟುಂಬ ಮತ್ತೆ ಜೀವ ಉಳಿಸಿಕೊಂಡು ಓಡಿತು. 40ಕ್ಕೂ ಹೆಚ್ಚು ವರ್ಷ ದುಡಿದು ಬರೆದಿದ್ದ ನಿಘಂಟು ಬೂದಿಯಾಯಿತು. ಆದರೆ ನ್ಯೂರೆಂಬರ್ಗಿನಲ್ಲಿದ್ದ ಮಕ್ಕಳ ಪುಸ್ತಕ ಉಳಿಯಿತು. 1658ರಲ್ಲಿ ಅಚ್ಚಾಯಿತು.

ಅದರ ಹೆಸರು 'ಆರ್ಬಿಸ್ ಪಿಕ್ಟಸ್', ಎಂದರೆ ಚಿತ್ರಗಳಲ್ಲಿ ಜಗತ್ತು. ಅದರಲ್ಲಿ 150 ಪಾಠಗಳು. ಬೆಂಕಿ, ನೀರು, ಮೋಡ, ಗಿಡಮರ, ಪ್ರಾಣಿ, ಮನುಷ್ಯನ ದೇಹ, ಕಮ್ಮಾರ, ಬಡಗಿ, ಎಲ್ಲವೂ ಉಂಟು. ಚಿತ್ರದ ಭಾಗಗಳಿಗೆ 1, 2, 3 ಎಂದು ಅಂಕಿ. ಅದೇ ಅಂಕಿಯ ಮುಂದೆ ಲ್ಯಾಟಿನ್ ಮತ್ತು ಜರ್ಮನ್ ಭಾಷೆಗಳಲ್ಲಿ ಹೆಸರು. ಹಲವು ಭಾಷೆಗಳಲ್ಲಿ ಇದು ನೂರಾರು ವರ್ಷ ಮಕ್ಕಳ ಕೈಯಲ್ಲಿತ್ತು.

ಕೊಮೇನಿಯಸ್ 1670ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ತೀರಿಕೊಂಡರು. ಹುಟ್ಟಿದ ನಾಡಿಗೆ ಹಿಂದಿರುಗಿ ನೆಲೆಸುವ ಭಾಗ್ಯ ಅವರಿಗೆ ಸಿಗಲಿಲ್ಲ. ಆದರೆ ಇಂದು ಆ ನಾಡಿನಲ್ಲಿ ಅವರ ಹುಟ್ಟಿದ ದಿನವೇ ಶಿಕ್ಷಕರ ದಿನ!

ಮಾಡಿ ನೋಡಿ: ಒಂದು ದಾಸವಾಳ ಹೂವನ್ನು ತನ್ನಿ. ಚೆನ್ನಾಗಿ ನೋಡಿ ಚಿತ್ರ ಬರೆಯಿರಿ. ಭಾಗಗಳಿಗೆ ಅಂಕಿ ಕೊಟ್ಟು, ಕೆಳಗೆ ಹೆಸರು ಬರೆಯಿರಿ. ನಿಮ್ಮ ಮನೆಮಾತು ಬೇರೆಯಾಗಿದ್ದರೆ ಅದರಲ್ಲಿಯೂ ಹೆಸರು ಬರೆಯಿರಿ. ಅದೇ ನಿಮ್ಮ 'ಆರ್ಬಿಸ್ ಪಿಕ್ಟಸ್'ನ ಮೊದಲ ಪುಟ.