ತಡವಾಗಿ ಬಂದ ಸಂಧಾನ

ನರಗುಂದದ ಬೆಟ್ಟವನ್ನು ಕಂಡಾಗ ಬಾಬಾಸಾಹೇಬರ ನೆನಪಾಗದಿರದು. ಭಾಸ್ಕರರಾವ್ ಭಾವೆ ಎಂಬುದು ಅವರ ಹೆಸರು. ಸಂಸ್ಕೃತ ಗ್ರಂಥಗಳ ದೊಡ್ಡ ಭಂಡಾರವನ್ನೇ ಕೂಡಿಸಿದ್ದ ಈ ವಿದ್ಯಾಪ್ರಿಯ ಅರಸರಿಗೆ ಉತ್ತರಾಧಿಕಾರಿ ಇರಲಿಲ್ಲ. ದತ್ತಕಕ್ಕೆ ಅನುಮತಿ ಬೇಡಿ ಕಂಪನಿ ಸರಕಾರಕ್ಕೆ ಬರೆದುಕೊಂಡರು, ಅದು ದೊರೆಯಲಿಲ್ಲ. ತಮ್ಮೊಡನೆ ಸಂಸ್ಥಾನವೂ ಅಳಿಯುವುದೆಂಬುದು ಅವರಿಗೆ ಮನದಟ್ಟಾಯಿತು. ಅದರ ಮೇಲೆ ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆಯೂ ಬಂದಿತು.

1858ರ ಮೇ ತಿಂಗಳಲ್ಲಿ ಮುಂಡರಗಿಯ ಭೀಮರಾಯನು ಬಂಡೆದ್ದನು. ನರಗುಂದವೂ ಸಿಡಿದೇಳುವ ಸೂಚನೆ ಕಂಡಿತು. ಅರಸರನ್ನು ಮಾತಿನಿಂದಲೇ ಒಲಿಸಬಹುದೆಂದು ನಂಬಿದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಸಣ್ಣ ಕಾವಲಿನೊಡನೆ ಹೊರಟನು. ಆದರೆ ಜನರ ದ್ವೇಷಕ್ಕೆ ಗುರಿಯಾಗಿದ್ದ ಇನಾಂ ಕಮಿಷನ್ನಿನಲ್ಲಿ ಹಿಂದೆ ದುಡಿದವನೂ ಅವನೇ. ದತ್ತಕವನ್ನು ಮಂಜೂರು ಮಾಡುವ ಅಧಿಕಾರವೂ ಅವನಿಗಿರಲಿಲ್ಲ. ಬಾಬಾಸಾಹೇಬರ ಬಂಧುವಾದ ರಾಮದುರ್ಗದ ಅರಸರು ನರಗುಂದಕ್ಕೆ ಹೋಗುವುದು ಬೇಡವೆಂದು ಎಚ್ಚರಿಸಿದರು. ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದ ಮ್ಯಾನ್ಸನ್ನನ ಮೇಲೆ ಬಾಬಾಸಾಹೇಬರೇ ದಂಡೆತ್ತಿ ಬಂದರು, ಅವನು ಹತನಾದನು.

ಮುಂದಿನದೆಲ್ಲ ಎರಡೇ ವಾರಗಳ ಕಥೆ. ಜೂನ್ ಮೊದಲಲ್ಲೇ ಕೋಟೆ ಬಿದ್ದಿತು. ಜೂನ್ 12ರಂದು ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಸಂಸ್ಥಾನ ಆಂಗ್ಲರ ಪಾಲಾಯಿತು.

1862ರಲ್ಲಿ ಅದೇ ಆಂಗ್ಲ ಪ್ರಭುತ್ವ ದೇಶೀಯ ಸಂಸ್ಥಾನಿಕರಿಗೆ ದತ್ತಕದ ಸನದುಗಳನ್ನು ನೀಡಿತು. ನಾಲ್ಕು ವರ್ಷ ಮೊದಲೇ ಆ ಕಾಗದ ನರಗುಂದಕ್ಕೆ ಬಂದಿದ್ದರೆ, ಸುರೇಬಾನದ ಆ ರಾತ್ರಿಯೇ ಬರುತ್ತಿರಲಿಲ್ಲವೇನೋ.