ಯೊರಿತೊಮೊ: ಕಟ್ಟಿದ ಸರಕಾರ ಉಳಿಯಿತು, ವಂಶ ಉಳಿಯಲಿಲ್ಲ

ಶತ್ರುವಿನ ಮಗನನ್ನು ಕನಿಕರದಿಂದ ಬದುಕಗೊಟ್ಟ ಮನೆತನವೊಂದು ಆ ಬಾಲಕನಿಂದಲೇ ನಿರ್ನಾಮವಾದ ಕಥೆ ಜಪಾನಿನ ಇತಿಹಾಸದಲ್ಲಿದೆ. ಆ ಬಾಲಕನೇ ಮಿನಾಮೊತೊ ಯೊರಿತೊಮೊ. ಜಪಾನಿನ ಮೊದಲ ಯೋಧ ಸರಕಾರದ ಸ್ಥಾಪಕ.

1147ರಲ್ಲಿ ಜನಿಸಿದ ಯೊರಿತೊಮೊ ಹದಿಹರೆಯದಲ್ಲೇ ತಂದೆಯನ್ನು ಕಳೆದುಕೊಂಡ. ರಾಜಧಾನಿ ಕ್ಯೋಟೊದ ಅಧಿಕಾರ ಕಲಹದಲ್ಲಿ ತೈರಾ ಕುಲದೆದುರು ಸೋತ ತಂದೆ ಯೊಶಿತೊಮೊ 1160ರಲ್ಲಿ ಹತನಾದ. ತೈರಾ ನಾಯಕ ಕಿಯೊಮೊರಿಯ ಮಲತಾಯಿ ಬೇಡಿಕೊಂಡದ್ದರಿಂದ ಬಾಲಕನ ಪ್ರಾಣ ಉಳಿಯಿತೆಂಬುದು ಪ್ರತೀತಿ. ಇಜು ಪ್ರಾಂತಕ್ಕೆ ಗಡೀಪಾರಾದ ಆತ ಅಲ್ಲಿ 20 ವರ್ಷ ಕಳೆದ. ಸ್ಥಳೀಯ ಹೋಜೊ ಮನೆತನದ ಮಾಸಾಕೊಳನ್ನು ವರಿಸಿದ.

1180ರಲ್ಲಿ ಬಂಡೆದ್ದ ಯೊರಿತೊಮೊ ಇಶಿಬಾಶಿಯಾಮದ ಕದನದಲ್ಲಿ ಸೋತು, ಸಮುದ್ರ ದಾಟಿ ಪಾರಾದ. ಆದರೂ ಪೂರ್ವ ಪ್ರಾಂತಗಳ ಯೋಧರು ಆತನ ಬೆನ್ನಿಗೆ ನಿಂತರು. ಅವರ ಭೂಮಿಯ ಹಕ್ಕಿಗೆ ಆತ ತಾನೇ ಭರವಸೆ ನೀಡಿದ್ದೇ ಇದಕ್ಕೆ ಕಾರಣ. ಅದೇ ವರ್ಷ ಕಾಮಕುರ ಆತನ ಕೇಂದ್ರವಾಯಿತು. 1185ರಲ್ಲಿ ದನ್ನೊಉರ ನೌಕಾಸಮರದಲ್ಲಿ ತಮ್ಮ ಯೊಶಿತ್ಸುನೆ ತೈರಾ ಕುಲವನ್ನು ಮುಗಿಸಿದ. ಚಕ್ರವರ್ತಿಯನ್ನು ಕೆಳಗಿಳಿಸದೆಯೇ ಪ್ರಾಂತಗಳಿಗೆ ತನ್ನ ಅಧಿಕಾರಿಗಳನ್ನು ನೇಮಿಸುವ ಹಕ್ಕು ಪಡೆದ ಯೊರಿತೊಮೊ, 1192ರಲ್ಲಿ ಶೋಗನ್ ಪದವಿಗೇರಿದ.

ಆದರೆ ಗೆಲುವಿನೊಂದಿಗೆ ಸಂಶಯವೂ ಬೆಳೆದಿತ್ತು. ಗೆದ್ದು ಕೊಟ್ಟ ತಮ್ಮನನ್ನೇ ಆತ ಬೇಟೆಯಾಡಿಸಿದ. 1189ರಲ್ಲಿ ಯೊಶಿತ್ಸುನೆ ಉತ್ತರದ ಹಿರಾಯಿಜುಮಿಯಲ್ಲಿ ಆತ್ಮಹತ್ಯೆಗೆ ಶರಣಾದ. 1199ರಲ್ಲಿ ಯೊರಿತೊಮೊ ತೀರಿಕೊಂಡಾಗ ಮಕ್ಕಳಿಗೆ ಆಸರೆಯಾಗಬಲ್ಲ ಬಂಧುಗಳೇ ಉಳಿದಿರಲಿಲ್ಲ. ಹಿರಿಯ ಮಗ ಯೊರಿಇಯೆ ಪದಚ್ಯುತನಾಗಿ 1204ರಲ್ಲಿ ಹತನಾದ. ಕಿರಿಯವನಾದ ಸನೆತೊಮೊ 1219ರಲ್ಲಿ ಕಾಮಕುರದ ದೇಗುಲದ ಆವರಣದಲ್ಲೇ ಅಣ್ಣನ ಮಗನ ಕತ್ತಿಗೆ ಬಲಿಯಾದ. ಅಲ್ಲಿಗೆ ಯೊರಿತೊಮೊ ವಂಶದ ಶೋಗನ್‌ಗಿರಿ ಮುಗಿಯಿತು.

ಸರಕಾರ ಮಾತ್ರ ಉಳಿಯಿತು. 1221ರಲ್ಲಿ ನಿವೃತ್ತ ಚಕ್ರವರ್ತಿ ಗೊತೊಬ ಯುದ್ಧ ಸಾರಿದಾಗ ವಿಧವೆ ಮಾಸಾಕೊ ಯೋಧರಿಗೆ ಯೊರಿತೊಮೊನ ಉಪಕಾರ ನೆನಪಿಸಿ ಒಗ್ಗೂಡಿಸಿದಳು. ಶೋಗನ್ ಹೆಸರಿಗಷ್ಟೇ ಉಳಿದು, ಆಕೆಯ ತವರಾದ ಹೋಜೊ ಮನೆತನ ಆಡಳಿತ ನಡೆಸಿತು. 1274 ಮತ್ತು 1281ರಲ್ಲಿ ಮಂಗೋಲರ ದಾಳಿಗಳನ್ನೂ ಎದುರಿಸಿತು. ಆದರೆ ಅದು ರಕ್ಷಣಾ ಯುದ್ಧ. ಗೆದ್ದರೂ ಹಂಚಲು ಶತ್ರುವಿನ ಭೂಮಿ ದಕ್ಕಲಿಲ್ಲ. ಸಾಲದಲ್ಲಿ ಮುಳುಗಿದ ಯೋಧರ ಅಸಮಾಧಾನ ಹೆಚ್ಚುತ್ತ ಹೋಯಿತು.

1333ರಲ್ಲಿ ಕಾಮಕುರ ಪತನಗೊಂಡಿತು. ಭೂಮಿಯ ಭರವಸೆಯಿಂದ ಎದ್ದ ಸರಕಾರ ಆ ಭರವಸೆ ಬತ್ತಿದಾಗ ಕುಸಿಯಿತು. ಅದನ್ನು ಕೆಡವಿದ ಅಶಿಕಾಗಾ ತಕಾವುಜಿ, ನಿತ್ತಾ ಯೊಶಿಸದ ಇಬ್ಬರೂ ಯೊರಿತೊಮೊನ ಮಿನಾಮೊತೊ ಕುಲದ ಕವಲುಗಳಿಗೇ ಸೇರಿದವರು.